ಕೂಲಿಯಲ್ಲಿ ಚೌಕಾಶಿ, ಪ್ರಾಣದಲ್ಲಿ ನಷ್ಟ

ಮುಂಗಾರು ಸಮೀಪಿಸಿತೆಂದರೆ ಊರೂರಲ್ಲೂ ಒಣಗಿದ, ವಾಲಿದ ಮರಗಳನ್ನು ಕಡಿಸುವ ಕೆಲಸ ಮೊದಲಾಗುತ್ತದೆ. ಹಿಂದೆ ಇಬ್ಬರು ಎಳೆಯುವ ಗರಗಸಕ್ಕೆ ದಿನವೆಲ್ಲ ಹಿಡಿಯುತ್ತಿದ್ದ ಕೆಲಸವನ್ನು ಇಂದು ಪೆಟ್ರೋಲಿನ ಚೈನ್ ಗರಗಸ ಅಲ್ಪ ಹೊತ್ತಿನಲ್ಲಿ ಮುಗಿಸುತ್ತದೆ. ಯಂತ್ರ ಬಂದುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ದುಡಿಯುವವನ ಬೆನ್ನಿನ ಭಾರ ಇಳಿಸುವ ಯಂತ್ರ ಬರಲಿ. ಆದರೆ ಅದರ ಜೊತೆಗೆ ರಕ್ಷಣೆ ಬರಲಿಲ್ಲ. ಲುಂಗಿ ಉಟ್ಟು, ರಬ್ಬರ್ ಚಪ್ಪಲಿ ಮೆಟ್ಟಿ, ಬರಿದಲೆಯಲ್ಲಿ ಯಂತ್ರ ಹಿಡಿದ ದಿನಗೂಲಿಯವನನ್ನು ಬೀದಿಯಲ್ಲಿ ಯಾರು ಕಂಡಿಲ್ಲ?

ಗಿರಣಿಯ ಕಾರ್ಮಿಕ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರಗಳ ಅಪಾಯಕರ ಭಾಗಗಳಿಗೆ ತಡೆಬೇಲಿ ಇರತಕ್ಕದ್ದೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು. ಚೈನ್ ಗರಗಸದ ಹಲ್ಲುಗಳಿಗೆ ಅಂಥ ಬೇಲಿ ಹಾಕಲಾಗದು. ಕೊಯ್ಯುವ ಭಾಗ ತೆರೆದೇ ಇರಬೇಕು. ಆದ್ದರಿಂದ ಇಲ್ಲಿ ಕೆಲಸದ ಕ್ರಮವೇ ಬೇಲಿ.

ಆ ಕ್ರಮ ಗುಟ್ಟಿನದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1998ರಲ್ಲೇ ಅರಣ್ಯ ಕೆಲಸದ ಸುರಕ್ಷತೆಯ ಸಂಹಿತೆಯೊಂದನ್ನು ಪ್ರಕಟಿಸಿದೆ. ಮರದ ವಾಲು, ಒಣಕೊಂಬೆ, ಗಾಳಿ, ವಿದ್ಯುತ್ ತಂತಿ ಇವನ್ನು ಮೊದಲು ನೋಡಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರಾರೂ ನಿಲ್ಲಕೂಡದು. ಬೀಳುವ ದಿಕ್ಕಿನ ಹಿಂದೆ, ಓರೆಯಾಗಿ ಸರಿದುಹೋಗಲು ದಾರಿ ತೆರವು ಮಾಡಿರಬೇಕು. ಬೀಳಬೇಕಾದ ಬದಿಯಲ್ಲಿ ಕಾಂಡದ ದಪ್ಪದ ಸುಮಾರು ನಾಲ್ಕನೆಯ ಒಂದು ಪಾಲು ಆಳಕ್ಕೆ ಕಚ್ಚು ತೆಗೆದು, ಅನಂತರ ಹಿಂಬದಿಯಿಂದ, ಕಚ್ಚಿನ ಮೂಲೆಗಿಂತ ತುಸು ಮೇಲೆ ಕೊಯ್ಯಬೇಕು. ನಡುವೆ ದಪ್ಪದ ಸುಮಾರು ಹತ್ತನೆಯ ಒಂದು ಪಾಲು ಕೊಯ್ಯದೆ ಉಳಿಸಬೇಕು. ಬಾಗಿಲಿನ ಕೀಲಿನಂತೆ ಮರವನ್ನು ಹಿಡಿದು ಇಳಿಸುವುದು ಅದೇ. ಅದನ್ನೂ ಕೊಯ್ದರೆ ಮರ ಯಾರ ಮಾತನ್ನೂ ಕೇಳದು. ಗರಗಸದ ತುದಿಯ ಮೇಲಂಚು ಮರಕ್ಕೆ ತಗುಲಿದರೆ ಯಂತ್ರ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮೀತು. ಆದ್ದರಿಂದ ಹೆಗಲಿಗಿಂತ ಮೇಲೆತ್ತಿ ಕೊಯ್ಯುವುದು, ಒಂದೇ ಕೈಯಲ್ಲಿ ಹಿಡಿಯುವುದು ಸಲ್ಲದು. ಚೈನಿನ ಬ್ರೇಕು ಕೆಟ್ಟ ಯಂತ್ರವನ್ನು ಮುಟ್ಟಲೇಕೂಡದು.

ಇದೆಲ್ಲ ಮರ ಕೊಯ್ಯುವವನಿಗೆ ತಿಳಿಯದೆ? ಅನುಭವಿಗಳಿಗೆ ತಿಳಿದೇ ಇದೆ. ಆದರೆ ಕ್ರಮಕ್ಕೆ ಹೊತ್ತು ಬೇಕು, ಹೊತ್ತಿಗೆ ಕೂಲಿ ಬೇಕು. ಮರಕ್ಕಿಷ್ಟೆಂದು ಗುತ್ತಿಗೆ ಗೊತ್ತುಮಾಡಿ, ಅದರಲ್ಲೂ ಚೌಕಾಶಿಗಿಳಿದರೆ ಮೊದಲು ಹೋಗುವುದು ಜೊತೆಗಿನ ಆಳು. ಆಮೇಲೆ ಹೆಲ್ಮೆಟ್ಟು, ಬೂಟು, ಕಾಲಿನ ಕಾಪು. ಈ ಯಂತ್ರದ ಸದ್ದು 100 ಡೆಸಿಬೆಲ್ ಮೀರುತ್ತದೆ. ಅದರ ನಡುಕ ವರ್ಷಗಟ್ಟಲೆ ಹತ್ತಿದರೆ ಬೆರಳು ಬಿಳಿಚಿ ಜೋಮು ಹಿಡಿಯುತ್ತದೆ. ಕೆಟ್ಟ ಕಿವಿಯನ್ನು, ಸತ್ತ ಬೆರಳನ್ನು ಯಾವ ಗುತ್ತಿಗೆದಾರನು ತಂದುಕೊಟ್ಟಾನು?

ಸಣ್ಣ ವರ್ತಕ ಮಿತ್ರರಲ್ಲಿ ನಮ್ಮ ವಿನಂತಿಯಿದು. ಅಂಗಡಿಯ ಮುಂದಿನ ಮರ ಕಡಿಸುವಾಗ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕೇ ಎಂದು ವಿಚಾರಿಸುವಿರಿ. ಅಷ್ಟೇ ಮುತುವರ್ಜಿಯಿಂದ, ಬರುವವರು ಎಷ್ಟು ಮಂದಿ, ಅವರ ತಲೆಗೆ ಕಾಲಿಗೆ ಏನಿದೆ, ಪೆಟ್ಟಾದರೆ ಹೊಣೆ ಯಾರದು ಎಂಬುದನ್ನೂ ದರ ಮಾತಾಡುವ ಮುನ್ನ ಕೇಳಿರಿ. ನಗರಸಭೆಗಳು ಮರ ಕಡಿಯುವ ಟೆಂಡರಿನಲ್ಲಿ ರಕ್ಷಣಾ ಸಾಮಗ್ರಿ, ತರಬೇತಿ, ವಿಮೆಗಳ ಖರ್ಚನ್ನು ಬೇರೆಯಾಗಿ ನಮೂದಿಸಲಿ. ಗೇಟೂ ಇಲ್ಲದ, ಹಾಜರಿ ಪುಸ್ತಕವೂ ಇಲ್ಲದ ಈ ದುಡಿಮೆಗಾರರನ್ನು ಕಾರ್ಮಿಕ ಸಂಘಗಳು ತಮ್ಮೊಳಗೆ ಸೇರಿಸಿಕೊಳ್ಳಲಿ. ಗಿರಣಿಯ ತಡೆಬೇಲಿ ಯಾರೂ ದಾನವಾಗಿ ಕೊಟ್ಟುದಲ್ಲ. ಸಂಘಟಿತರು ಕೇಳಿ ಪಡೆದುದು. ಬೀದಿಯ ದುಡಿಮೆಗಾರನಿಗೂ ಅದು ಸಲ್ಲಬೇಕು.