ಕುಲಕ್ಕೆ ಹಚ್ಚಿದ ಕಳಂಕ

945ರ ಸಾಲೋಟಗಿಯ ಶಾಸನವು ಇಲ್ಲಿದ್ದ ವಿದ್ಯಾಶಾಲೆಯೊಂದನ್ನು ಸ್ಮರಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳನ್ನು ಬಿಟ್ಟುಕೊಟ್ಟಿದ್ದರು. ದೂರದಿಂದ ಬಂದವನಿಗೆ ಅಂದು ದೊರೆತದ್ದು ಆದರ.

ಇದೇ ಸೀಮೆಯ ವಿಜಾಪುರದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ಸರಕಾರವು ಬೇರೊಂದು ಬಗೆಯ ವಸತಿಯನ್ನು ಕಟ್ಟಿತು: ‘ಅಪರಾಧಿ ಬುಡಕಟ್ಟು’ಗಳ ಸೆಟ್ಲಮೆಂಟು. 1871ರಲ್ಲಿ ಮೊದಲಾದ ಕಾಯಿದೆಯು ಇಡೀ ಕುಲಗಳನ್ನೇ ಅಪರಾಧಿಗಳೆಂದು ಸಾರುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಬೆರಳಚ್ಚು, ಹಾಜರಿ, ಅಪ್ಪಣೆಯಿಲ್ಲದೆ ಊರು ಬಿಡದಂತೆ ನಿರ್ಬಂಧ. ಗಂಟಿಚೋರರಿಗಂತೂ ಕುಲದ ಹೆಸರಿನಲ್ಲಿಯೇ ತೀರ್ಪು ಅಡಗಿತ್ತು. ಪರದೇಶಗಳಲ್ಲಿ ಮೈಬಣ್ಣ ಮಾಡುವ ಕೆಲಸವನ್ನು ನಮ್ಮಲ್ಲಿ ಕುಲದ ಹೆಸರು ಮಾಡಿತು.

1952ರಲ್ಲಿ ಕಾಯಿದೆ ರದ್ದಾಯಿತು, ಸಂಶಯ ರದ್ದಾಗಲಿಲ್ಲ. ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸಕೂಡದೆಂದು 2024ರ ಅಕ್ಟೋಬರಿನಲ್ಲಿಯೂ ಸುಪ್ರೀಂ ಕೋರ್ಟು ಪೊಲೀಸರಿಗೆ ನಿರ್ದೇಶಿಸಬೇಕಾಯಿತು.

ಕುಲವನ್ನು ನೋಡಿ ಕಳ್ಳನನ್ನು ಹಿಡಿಯುವಲ್ಲಿ ಸಾಕ್ಷ್ಯ ಹುಡುಕುವ ಶ್ರಮವು ತಪ್ಪುತ್ತದೆ. ನಿಜವಾದ ಕಳ್ಳನು ತಪ್ಪಿಸಿಕೊಳ್ಳುತ್ತಾನೆ. ಇತ್ತ ಹುಟ್ಟಿನಿಂದಲೇ ಶಂಕಿತನಾದವನು ತನಗೆ ಅನ್ಯಾಯವಾದಾಗ ಠಾಣೆಯ ಮೆಟ್ಟಿಲು ಹತ್ತಲು ಅಂಜುತ್ತಾನೆ. ನ್ಯಾಯಕ್ಕೆ ಇದರಿಂದ ಎರಡು ಬಗೆಯ ಹಾನಿ.

ಆದರೆ ದೋಷವೆಲ್ಲ ಠಾಣೆಯದೇ ಅಲ್ಲ. ತರಗತಿಯಲ್ಲಿ ಒಂದು ಪೆನ್ನು ಕಳೆದಾಗ ಉಪಾಧ್ಯಾಯರ ಕಣ್ಣು ಮೊದಲು ಯಾವ ಹುಡುಗನತ್ತ ತಿರುಗುತ್ತದೆ? ಆ ಕಾಯಿದೆ ನಿಜವಾಗಿ ರದ್ದಾಗಿದೆಯೇ ಎಂಬುದನ್ನು ಅಲ್ಲಿಯೇ ಪರೀಕ್ಷಿಸಬೇಕು.