ಬೌಲಿಂಗ್‌ಗೆ ಹೋದಾಗಲೂ ಮಕ್ಕಳಿಗೆ ಅಂಕದ ಚಿಂತೆಯೇ?

ಹೈದರಾಬಾದಿನ ದಿಲ್‌ಸುಖ್‌ನಗರ ಕೋಚಿಂಗ್ ಸೆಂಟರ್‌ಗಳಿಗೆ ಹೆಸರಾದ ಬಡಾವಣೆ. ಅಲ್ಲಿ ವಾರವಿಡೀ ರ‍್ಯಾಂಕು, ಅಂಕಗಳ ಮಾತನ್ನೇ ಕೇಳುವ ಮಕ್ಕಳನ್ನು ಭಾನುವಾರ ಮೆಟ್ರೊ ಹತ್ತಿಸಿ ಪಿನ್ ಉರುಳಿಸುವ ಬೌಲಿಂಗ್‌ಗೆ ಕರೆದೊಯ್ದು, ಅಲ್ಲೂ ಸ್ಕೋರ್ ಎಷ್ಟಾಯಿತೆಂದು ಪೀಡಿಸುವುದು ಅನ್ಯಾಯ.

ಅಷ್ಟಕ್ಕೂ ಈ ಆಟದ ಅಳತೆಗಳೇ ದೊಡ್ಡವರಿಗೆಂದು ಆದವು. ಎಸೆಯುವ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಚೆಂಡು ಉರುಳುವ ಲೇನಿನ ಅಗಲ ಸುಮಾರು ಮೂರೂವರೆ ಅಡಿ. ಚೆಂಡುಗಳ ತೂಕ ಸಾಮಾನ್ಯವಾಗಿ 6ರಿಂದ 16 ಪೌಂಡ್. ಅಪ್ಪನ ಚೆಂಡನ್ನೇ ಆರು ವರ್ಷದ ಮಗಳ ಕೈಗಿಟ್ಟರೆ ಅವಳು ಅದನ್ನು ಎದೆಗವಚಿಕೊಂಡು ತಡವರಿಸುತ್ತಾಳೆ. ಚೆಂಡು ಧೊಪ್ಪನೆ ಬಿದ್ದು, ತುಸು ದೂರ ಉರುಳಿ ಲೇನಿನ ಪಕ್ಕದ ಕಾಲುವೆ, ಅಂದರೆ ಗಟರ್ ಸೇರುತ್ತದೆ. ಮೂರು ಸಲ ಹೀಗಾದರೆ ಸಾಕು, ಮಗು ಅಮ್ಮನ ಮೊಬೈಲ್ ಕೇಳುತ್ತದೆ.

ಗಟರ್‌ಗೆ ಅಡ್ಡವಾಗಿ ಏಳುವ ಬಂಪರ್ ಇರುವುದೇ ಇದಕ್ಕಾಗಿ. ಹಲವು ಕಡೆ ಚೆಂಡಿಟ್ಟು ತಳ್ಳುವ ಇಳಿಜಾರು ಚೌಕಟ್ಟೂ ಸಿಗುತ್ತದೆ. ಇವೆಲ್ಲ ಮೋಸ ಎನ್ನುವ ಹಿರಿಯರಿದ್ದಾರೆ. ಸೈಕಲ್ ಕಲಿಸುವಾಗ ಪಕ್ಕಕ್ಕೆ ಪುಟ್ಟ ಚಕ್ರ ಜೋಡಿಸುವವರು ಇದಕ್ಕೇಕೆ ಮುಖ ಸಿಂಡರಿಸಬೇಕು?

ನಿಯಮವನ್ನೂ ಸಡಿಲಿಸಬಹುದು. ಒಂದು ಆಟಕ್ಕೆ 10 ಫ್ರೇಮ್, ಪ್ರತಿ ಫ್ರೇಮಿಗೆ ಸಾಮಾನ್ಯವಾಗಿ ಎರಡು ಎಸೆತ. ಮೊದಲ ಎಸೆತ ಮೊಮ್ಮಗನದು, ಉಳಿದ ಪಿನ್ ಉರುಳಿಸುವುದು ಅಜ್ಜನ ಪಾಲು, ಅಂಕ ಇಬ್ಬರದೂ ಸೇರಿ. ಆಗ ಅಜ್ಜನೂ ಕುರ್ಚಿಯಲ್ಲಿ ಕೂತು ಆಕಳಿಸುವುದಿಲ್ಲ.

ಬುಕ್ ಮಾಡುವ ಮುನ್ನ ಒಂದು ಫೋನ್ ಮಾಡಿ. ಬಂಪರ್ ಇದೆಯೇ, 6 ಪೌಂಡಿನ ಚೆಂಡು ಇದೆಯೇ, ಮಕ್ಕಳ ಅಳತೆಯ ಶೂ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಬೇರೆ ಕಡೆ ಹೋಗಿ.