ಬೇಡದ ಪದಗಳ ಪಟ್ಟಿ

ನನ್ನ ಭಾವಮೈದುನ ಚಳ್ಳಕೆರೆಯವನು. ಎಣ್ಣೆ ಮಿಲ್ಲುಗಳ ಊರಲ್ಲಿ ಹುಟ್ಟಿ, ಎಣ್ಣೆಯ ಸಹವಾಸವೇ ಬೇಡವೆಂದು ಬೆಂಗಳೂರಿಗೆ ಹೋಗಿ ಹದಿನೈದು ವರ್ಷ ಯಾರದೋ ಲೆಕ್ಕ ಬರೆದ. ಕೊನೆಗೆ ಊರಿಗೇ ಬಂದು ಎರಡು ಮರದ ಗಾಣ ಹಾಕಿಸಿಕೊಂಡ. ಶೇಂಗಾ, ಕುಸುಬೆ, ಕೊಬ್ಬರಿ. ಎಣ್ಣೆ ಚೆನ್ನಾಗಿದೆ, ಆದರೆ ಅದನ್ನು ಹೊಗಳುವುದು ಈ ಅಂಕಣದ ಕೆಲಸವಲ್ಲ. ಮೊಬೈಲಿನಲ್ಲಿ ಹುಡುಕುವವರ ಕಣ್ಣಿಗೆ ಬೀಳಲೆಂದು ಕಳೆದ ವರ್ಷ ಅವನು ಸರ್ಚ್ ಜಾಹೀರಾತು ಶುರುಮಾಡಿದ. ಯಾರಾದರೂ ಅದರ ಮೇಲೆ ಬೆರಳೊತ್ತಿದರೆ ಮಾತ್ರ ದುಡ್ಡು. ನೋಡಿ ಸುಮ್ಮನೆ ಮುಂದೆ ಹೋದರೆ ಪುಕ್ಕಟೆ. ಹದಿನೈದು ದಿನಕ್ಕೆ ಫೋನು ಬಂತು.

"ಭಾವ, ದಿನಾ ದುಡ್ಡು ಹೋಗ್ತೈತೆ, ಎಣ್ಣೆ ಹೋಗ್ತಿಲ್ಲ. ನೀವು ಕನ್ನಡ ಮೇಷ್ಟ್ರು, ಒಂಚೂರು ನೋಡ್ರಿ."

ಕನ್ನಡ ಮೇಷ್ಟ್ರಿಗೂ ಇದಕ್ಕೂ ಏನು ಸಂಬಂಧವೆಂದು ಗೊಣಗುತ್ತಲೇ ಅವನ ಖಾತೆ ತೆರೆದು ನೋಡಿದೆ. ಅದರಲ್ಲಿ 'ಸರ್ಚ್ ಟರ್ಮ್ಸ್' ಎಂಬ ಒಂದು ವರದಿಯಿದೆ. ನಾವು ಕೊಟ್ಟ ಪದಗಳು ಬೇರೆ, ಜನ ಹುಡುಕಾಟದ ಪೆಟ್ಟಿಗೆಯಲ್ಲಿ ಒತ್ತಿದ ಪದಗಳು ಬೇರೆ. ಈ ವರದಿ ತೋರಿಸುವುದು ಎರಡನೆಯದನ್ನು. ನನ್ನ ಭಾವಮೈದುನ 'ಗಾಣ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಹತ್ತಿರದ ಪದಗಳಿಗೂ ಹೊಂದಲಿ ಎಂಬ 'ಬ್ರಾಡ್ ಮ್ಯಾಚ್' ಆಯ್ಕೆಗೆ ಬಿಟ್ಟಿದ್ದ. ವರದಿಯ ತುಂಬ ಹಾಡುಗಳು. ಹೊಸ ಹಾಡು, ಹಳೆ ಹಾಡು, ಜನಪದ ಹಾಡು, ಹಾಡು ಡೌನ್‌ಲೋಡ್. ಇಂಗ್ಲಿಷ್ ಲಿಪಿಗೆ ಣಕಾರ ನಕಾರಗಳ ಭೇದವಿಲ್ಲ. ಗಾಣ ಹಾಕಿಸಿದವನು ಗಾನಕ್ಕೆ ದುಡ್ಡು ಕಟ್ಟುತ್ತಿದ್ದ.

ಹಾಡು ಬೇಡಿ ಬಂದವರು ಎಣ್ಣೆಯ ಜಾಹೀರಾತನ್ನು ಯಾಕೆ ಒತ್ತಿದರು ಎಂದು ಕೇಳಬಹುದು. ಬಸ್ಸಿನಲ್ಲಿ ನಿಂತುಕೊಂಡು ಮೊಬೈಲು ನೋಡುವವರ ಹೆಬ್ಬೆರಳಿಗೆ ಅಷ್ಟೆಲ್ಲ ವಿವೇಚನೆ ಇರುವುದಿಲ್ಲ.

ಹಾಡಿನವರಾದರೂ ಹಾಳಾಗಲಿ, ಅವರನ್ನು ಗುರುತಿಸುವುದು ಸುಲಭ. ಅವರಿಗಿಂತ ದುಬಾರಿಯಾದವರು 'ಗಾಣದ ಮಷಿನ್ ಬೆಲೆ' ಎಂದು ಹುಡುಕಿದವರು. ಅವರು ಎಣ್ಣೆ ಕೊಳ್ಳುವವರಲ್ಲ, ಇವನ ಹಾಗೆಯೇ ಗಾಣ ಹಾಕಲು ಹೊರಟವರು, ಅಂದರೆ ನಾಳೆಯ ಪೈಪೋಟಿದಾರರು. ಆಮೇಲೆ 'ಗಾಣಕ್ಕೆ ಸಬ್ಸಿಡಿ', 'ಎಣ್ಣೆ ಮಿಲ್ ಕೆಲಸ ಖಾಲಿ', 'ಕೊಬ್ಬರಿ ಎಣ್ಣೆ ಉಪಯೋಗಗಳು'. ಕೊನೆಯದು ಯಾವುದೋ ಶಾಲೆಯ ಪ್ರಾಜೆಕ್ಟಿರಬೇಕು. ಇಂಥ ಪದಗಳು ಬಂದಾಗ ನಮ್ಮ ಜಾಹೀರಾತನ್ನು ತೋರಿಸಬೇಡಿ ಎಂದು ಹೇಳುವ ಒಂದು ಪಟ್ಟಿಯಿದೆ. ಈ ಕಸುಬಿನವರು ಅದನ್ನು ನೆಗೆಟಿವ್ ಕೀವರ್ಡ್ ಎನ್ನುತ್ತಾರೆ. ನನ್ನ ಭಾವಮೈದುನನ ಖಾತೆಯಲ್ಲಿ ಆ ಪಟ್ಟಿ ಖಾಲಿಯಿತ್ತು. ಬೇಕಾದ ಪದಗಳನ್ನು ಮಾತ್ರ ಇನ್ನೂರರಷ್ಟು ತುಂಬಿದ್ದ.

ಪದವನ್ನು ಹರಾಜಿಗಿಡುವ ಈ ವ್ಯಾಪಾರಕ್ಕೆ ಇನ್ನೂ ಮೂವತ್ತು ವರ್ಷ ತುಂಬಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬವರು ಗೋಟು ಡಾಟ್ ಕಾಮ್ ಎಂಬ ಸರ್ಚ್ ತಾಣ ತೆರೆದರು. ಯಾವ ಪದಕ್ಕೆ ಯಾರು ಹೆಚ್ಚು ಸವಾಲು ಕೂಗುತ್ತಾರೋ ಅಲ್ಲಿ ಅವರ ಕೊಂಡಿಯೇ ಮೇಲೆ. ಸವಾಲು ಒಂದು ಸೆಂಟಿನಿಂದ ಶುರು. ಯಾರು ಎಷ್ಟು ಕೂಗಿದ್ದಾರೆಂಬುದು ಹುಡುಕುವವನಿಗೂ ಪಕ್ಕದಲ್ಲೇ ಕಾಣುತ್ತಿತ್ತು. ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಹರಾಜು ಹಾಕುವಷ್ಟೇ ಬಹಿರಂಗ. ಇವತ್ತಿನ ಮುಚ್ಚುಮರೆ ನೋಡಿದವರಿಗೆ ಅದೊಂದು ಸತ್ಯಯುಗದಂತೆ ಕಂಡೀತು. ಆ ಕಂಪನಿ 2001ರಲ್ಲಿ ಓವರ್‌ಚರ್ ಎಂದು ಹೆಸರು ಬದಲಿಸಿಕೊಂಡಿತು, 2003ರಲ್ಲಿ ಯಾಹೂ ಅದನ್ನು ಕೊಂಡಿತು. ಗೂಗಲ್ 2000ದ ಅಕ್ಟೋಬರಿನಲ್ಲಿ 350 ಗಿರಾಕಿಗಳೊಂದಿಗೆ ಆಡ್‌ವರ್ಡ್ಸ್ ಶುರುಮಾಡಿದಾಗ ಅಲ್ಲಿ ಕ್ಲಿಕ್ಕಿನ ಲೆಕ್ಕವಿರಲಿಲ್ಲ, ಸಾವಿರ ಸಲ ತೋರಿಸಿದರೆ ಇಷ್ಟು ಎಂಬ ದರವಿತ್ತು. 2002ರಲ್ಲಿ ಅದೂ ಕ್ಲಿಕ್ಕಿನ ಹರಾಜಿಗೆ ಬಂತು. ಬರುವಾಗ ಎರಡು ತಿದ್ದುಪಡಿ ಮಾಡಿಕೊಂಡು ಬಂತು. ಈ ವಿದ್ಯೆಯ ತಿರುಳೆಲ್ಲ ಆ ಎರಡರಲ್ಲೇ ಇದೆ.

ಮೊದಲನೆಯದು, ಗೆದ್ದವನು ತಾನು ಕೂಗಿದಷ್ಟು ಕೊಡಬೇಕಿಲ್ಲ. ಶಿರಸಿಯ ಅಡಿಕೆ ಟೆಂಡರಿನಲ್ಲಿ ವ್ಯಾಪಾರಿ ಬರೆದ ದರವೇ ದರ. ಇಲ್ಲಿ ಹಾಗಲ್ಲ, ಕೆಳಗಿನವನನ್ನು ದಾಟಲು ಎಷ್ಟು ಬೇಕೋ ಅಷ್ಟು ಕೊಟ್ಟರೆ ಸಾಕು. ಇದರ ಮೂಲಬೀಜ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರ 1961ರ ಪ್ರಬಂಧದಲ್ಲಿದೆ. ಎರಡನೆಯವನ ಬೆಲೆಗೆ ಮೊದಲನೆಯವನಿಗೆ ಮಾಲು ಸಿಗುವುದಾದರೆ ಮನಸ್ಸಿನಲ್ಲಿರುವ ಬೆಲೆಯನ್ನೇ ನಿಜವಾಗಿ ಹೇಳುವುದು ಎಲ್ಲರಿಗೂ ಲಾಭವೆಂದು ಅವರು ತೋರಿಸಿದರು. 1996ರಲ್ಲಿ ನೊಬೆಲ್ ಘೋಷಣೆಯಾಗಿ ಮೂರೇ ದಿನಕ್ಕೆ ತೀರಿಕೊಂಡರು. ಪದಗಳ ಹರಾಜು ನೋಡಲು ಉಳಿಯಲಿಲ್ಲ. ಉಳಿದಿದ್ದರೆ ತಕರಾರು ತೆಗೆಯುತ್ತಿದ್ದರೋ ಏನೋ. ಹಲವು ಸ್ಥಾನಗಳು ಒಟ್ಟಿಗೆ ಹರಾಜಾಗುವ ಸರ್ಚ್ ಜಾಹೀರಾತಿನಲ್ಲಿ ಸತ್ಯ ಹೇಳುವುದೇ ಸದಾ ಲಾಭವಲ್ಲವೆಂದು 2007ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ.

ಎರಡನೆಯ ತಿದ್ದುಪಡಿ ನನ್ನ ಭಾವಮೈದುನನಂಥವರ ಪಾಲಿನ ಅನ್ನ. ಕೂಗಿದ ಬೆಲೆಯೊಂದನ್ನೇ ನೋಡದೆ, ಜಾಹೀರಾತು ಹುಡುಕಿದವನಿಗೆ ಎಷ್ಟು ಹೊಂದುತ್ತದೆ ಎಂಬ ಅಂಕದಿಂದ ಅದನ್ನು ಗುಣಿಸುತ್ತಾರೆ. ದೊಡ್ಡ ಕಂಪನಿಯೊಂದು ಕ್ಲಿಕ್ಕಿಗೆ 20 ರೂಪಾಯಿ ಕೂಗಿತೆನ್ನಿ, ಅದರ ಅಂಕ 4. ಗುಣಿಸಿದರೆ 80. ನಮ್ಮವನು ಕೂಗಿದ್ದು 12, ಅಂಕ 8. ಗುಣಿಸಿದರೆ 96. ನಮ್ಮವನೇ ಮೇಲೆ. ಕೊಡಬೇಕಾದದ್ದು 80ನ್ನು 8ರಿಂದ ಭಾಗಿಸಿ 10 ರೂಪಾಯಿ ಮತ್ತು ಚೂರು ಚಿಲ್ಲರೆ. ಈಗಿನ ಸೂತ್ರಕ್ಕೆ ಇನ್ನೂ ಹತ್ತು ಬಾಲ ಸೇರಿವೆ, ಆದರೆ ಬೆನ್ನೆಲುಬು ಇದೇ. 'ಕಡಲೆಕಾಯಿ ಎಣ್ಣೆ' ಎಂದು ಹುಡುಕಿದವರಿಗೆ ಜಾಹೀರಾತಿನಲ್ಲೂ ಕಡಲೆಕಾಯಿ ಎಣ್ಣೆಯೇ ಕಾಣಬೇಕು, ಒತ್ತಿದರೆ ತೆರೆಯುವ ಪುಟದಲ್ಲೂ ಅದೇ ಇರಬೇಕು. ಇವನ ಜಾಹೀರಾತಿನಲ್ಲಿ ಬರೀ ಶೇಂಗಾ, ಪುಟದಲ್ಲಿ ಮೊದಲು ಕೊಬ್ಬರಿ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆಯೇ ಹೊರತು ಶೇಂಗಾ ಪರಿಷೆಯಲ್ಲ ಕಣೋ ಎಂದೆ. ನಕ್ಕ. ಅಂದೇ ಕಡಲೆಕಾಯಿಗೊಂದು, ಕೊಬ್ಬರಿಗೊಂದು ಬೇರೆ ಬೇರೆ ಗುಂಪು ಮಾಡಿ, ಎರಡಕ್ಕೂ ಬೇರೆ ಪುಟ ಕಟ್ಟಿಸಿದ.

ಇನ್ನು ದುಡ್ಡಿನ ಮಾತು. ಲೆಕ್ಕಕ್ಕೆಂದು ಕ್ಲಿಕ್ಕಿಗೆ 12 ರೂಪಾಯಿ ಇಟ್ಟುಕೊಳ್ಳಿ. ನೂರು ಕ್ಲಿಕ್ಕಿಗೆ 1,200. ಅವರಲ್ಲಿ ಇಬ್ಬರು ಐದೈದು ಲೀಟರಿನ ಡಬ್ಬಿ ಕೊಂಡರೆ ಒಬ್ಬ ಗಿರಾಕಿಗೆ 600 ಬಿತ್ತು. ಡಬ್ಬಿಗೆ ಲಾಭ 200 ಎಂದರೆ ಮೊದಲ ಮಾರಾಟದಲ್ಲೇ 400 ಕೈಬಿಟ್ಟಿತು. ಅದೇ ಮನೆಯವರು ಮೂರನೇ ಡಬ್ಬಿಗೆ ಬಂದಾಗ ಅಸಲು ಹುಟ್ಟುತ್ತದೆ. ಈಗ ಆ ನೂರರಲ್ಲಿ ಹಾಡು, ಮಷಿನ್ನು, ಸಬ್ಸಿಡಿಗಳ ನಲವತ್ತು ಕ್ಲಿಕ್ಕು ತಡೆದೆವೆನ್ನಿ. ಅದೇ ಇಬ್ಬರು 720 ರೂಪಾಯಿಗೆ ಬಂದರು, ತಲೆಗೆ 360. ಎರಡನೇ ಡಬ್ಬಿಗೇ ಅಸಲು ಹುಟ್ಟಿ ಚೂರು ಮಿಗುತ್ತದೆ. ಬೆಲೆ ಏರಿಸಿಲ್ಲ, ಬಜೆಟ್ಟು ಹೆಚ್ಚಿಸಿಲ್ಲ. ಈ ಕಸುಬಿನಲ್ಲಿ ಸುಧಾರಣೆ ಎಂದು ದೊಡ್ಡ ದನಿಯಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಹೀಗೆ ಕೂತು ಕಳೆ ಕೀಳುವುದೇ ಎಂದು ನನಗನ್ನಿಸಿದೆ.

ಕೀಳುವ ಕೈಗೂ ಹದ ಬೇಕು. ಮಷಿನ್ ಬೆಲೆ ಕೇಳಿದವರ ಮೇಲಿನ ಸಿಟ್ಟಿಗೆ ಅವನು 'ಬೆಲೆ' ಎಂಬ ಪದವನ್ನೇ ಬೇಡದ ಪಟ್ಟಿಗೆ ಹಾಕಿಬಿಟ್ಟ. ಒಂದು ವಾರ ಖರ್ಚು ಇಳಿಯಿತು, ಆರ್ಡರೂ ಇಳಿಯಿತು. 'ಗಾಣದ ಎಣ್ಣೆ ಬೆಲೆ' ಎಂದು ಕೇಳುವವನಿಗಿಂತ ಕೊಳ್ಳುವ ಮನಸ್ಸಿನವನು ಇನ್ನೆಲ್ಲಿ ಸಿಗುತ್ತಾನೆ? ಸಂತೆಯಲ್ಲಿ ದರ ಕೇಳಿದವನನ್ನೇ ಆಚೆ ಅಟ್ಟಿದ ಹಾಗಾಯಿತು. ಬೆಲೆಯನ್ನು ತೆಗೆದು ಮಷಿನ್ನನ್ನು ಮಾತ್ರ ಉಳಿಸಿದೆವು.

ಇನ್ನೊಂದು ಎಡವಟ್ಟು ಅವನು ತಾನೇ ಮಾಡಿಕೊಂಡಿದ್ದು. ಜಾಹೀರಾತು ಫಲಿಸಿತೆಂದು ಯಾವಾಗ ಎಣಿಸಬೇಕು ಎಂದು ಯಂತ್ರ ಕೇಳುತ್ತದೆ. ಇವನು 'ನಮ್ಮನ್ನು ಸಂಪರ್ಕಿಸಿ' ಪುಟ ತೆರೆದರೆ ಸಾಕು ಎಂದಿದ್ದ. ಯಂತ್ರ ನಿಷ್ಠೆಯಿಂದ ಆ ಪುಟ ತೆರೆಯುವವರನ್ನೇ ಹುಡುಕಿ ಹುಡುಕಿ ತಂದಿತು: ಕೆಲಸ ಕೇಳುವವರು, ಬಾಟಲಿ ಸರಬರಾಜು ಮಾಡುವವರು, ಒಬ್ಬ ವಿಮೆ ಏಜೆಂಟು. ವರದಿಯಲ್ಲಿ ಫಲ ದಿನೇ ದಿನೇ ಏರುತ್ತಿತ್ತು, ಗೋಡೌನಿನಲ್ಲಿ ಡಬ್ಬಿಗಳೂ ಏರುತ್ತಿದ್ದವು. ಆರ್ಡರು ಬಂದು ಹಣ ಕಟ್ಟಿದಾಗ ಮಾತ್ರ ಎಣಿಸು ಎಂದು ಬದಲಿಸಿದ ಮೇಲೆ ವರದಿಯ ಅಂಕಿ ಪಾತಾಳಕ್ಕೆ ಬಿತ್ತು. ಗಾಬರಿಯಾಗಿದ್ದ. ಅದು ನಿಜದ ಅಂಕಿ ಎಂದು ಸಮಾಧಾನ ಹೇಳಬೇಕಾಯಿತು.

ನಿಜದ ಅಂಕಿಗೆ ದೊಡ್ಡವರೂ ಹೆದರುತ್ತಾರೆ. ಇಬೇ ಕಂಪನಿ ತನ್ನ ಹೆಸರನ್ನೇ ಹುಡುಕಿದವರಿಗೂ ಜಾಹೀರಾತು ತೋರಿಸಿ ಕ್ಲಿಕ್ಕಿಗೆ ದುಡ್ಡು ಕೊಡುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಅರ್ಥಶಾಸ್ತ್ರಜ್ಞರು 2012ರಲ್ಲಿ ಕೆಲವು ಸರ್ಚ್ ಎಂಜಿನ್ನುಗಳಲ್ಲಿ ಅದನ್ನು ನಿಲ್ಲಿಸಿ ನೋಡಿದರು. ನಿಂತುಹೋದ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಕೆಳಗಿದ್ದ ಪುಕ್ಕಟೆ ಕೊಂಡಿಯಿಂದಲೇ ಬಂದವು. ಮನೆಗೆ ಬರುತ್ತಿದ್ದ ನೆಂಟನಿಗೆ ದಾರಿಯಲ್ಲಿ ನಿಂತು ಆಟೋ ಬಾಡಿಗೆ ಕೊಟ್ಟ ಹಾಗೆ. ಇಬೇಗೆ ಹೊಸಬರಾದವರ, ಅಪರೂಪಕ್ಕೆ ಬರುವವರ ವಿಷಯದಲ್ಲಿ ಜಾಹೀರಾತು ಕೆಲಸ ಮಾಡುತ್ತಿತ್ತೆಂದೂ ಅವರ 2015ರ ಪ್ರಬಂಧ ಹೇಳುತ್ತದೆ. ಆದರೆ ಖರ್ಚಿನ ಬಹುಪಾಲು ಆಗಲೇ ಪರಿಚಯವಿದ್ದವರ ಮೇಲೆ ಸುರಿಯುತ್ತಿತ್ತು. ನಮ್ಮ ಚಳ್ಳಕೆರೆಯ ಗಾಣದ ಹೆಸರು ಯಾರಿಗೂ ಗೊತ್ತಿಲ್ಲವಾದ್ದರಿಂದ ಈ ಸಂಕಟ ಸದ್ಯಕ್ಕಿಲ್ಲ.

ನನಗೆ ಕಸಿವಿಸಿಯಾಗುವುದು ಬೇರೆ ಕಡೆ. ಜನ ಒತ್ತಿದ ಪದಗಳ ಆ ವರದಿ ಇದೆಯಲ್ಲ, ಅದು ಮೊದಲಿಗಿಂತ ಮಸುಕಾಗಿದೆ. ಸಾಕಷ್ಟು ಜನ ಹುಡುಕದ ಪದಗಳನ್ನು ತೋರಿಸುವುದಿಲ್ಲವೆಂದು ಗೂಗಲ್ 2020ರ ಸೆಪ್ಟೆಂಬರಿನಲ್ಲಿ ತಿಳಿಸಿತು. ಖಾಸಗಿತನ ಅದು ಕೊಟ್ಟ ಕಾರಣ. ಕಾರಣ ಸುಳ್ಳೆನ್ನಲಾರೆ, ಆದರೆ ತೋರಿಸದ ಪದದ ಕ್ಲಿಕ್ಕಿಗೂ ಬಿಲ್ಲು ಬರುತ್ತದೆ. ಅಕ್ಷರಕ್ಕೆ ಅಕ್ಷರ ಹೊಂದಬೇಕಿದ್ದ 'ಎಕ್ಸಾಕ್ಟ್ ಮ್ಯಾಚ್' ಕೂಡ 2018ರಿಂದ ಅರ್ಥ ಹೊಂದಿದರೆ ಸಾಕು ಎಂಬಷ್ಟು ಸಡಿಲವಾಗಿದೆ. ಪದದ ಗೊಡವೆಯೇ ಬೇಡ, ಬಜೆಟ್ಟು ಗುರಿ ಹೇಳಿ ಸುಮ್ಮನಿರಿ ಎನ್ನುವ ಹೊಸ ಬಗೆಯ ಕ್ಯಾಂಪೇನುಗಳೂ ಬಂದಿವೆ. 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ಲನ್ನು ಸರ್ಚಿನ ಏಕಸ್ವಾಮ್ಯದಾರ ಎಂದು ತೀರ್ಪಿತ್ತಾಗ, ಜಾಹೀರಾತಿನ ದರ ಏರಿಸಲು ಅದಕ್ಕೆ ಪೈಪೋಟಿಯ ಅಂಜಿಕೆ ಇರಲಿಲ್ಲ ಎಂಬುದನ್ನೂ, ಜಾಹೀರಾತುದಾರರಿಗೆ ಸಿಗುವ ಮಾಹಿತಿ ಕಡಿಮೆಯಾಗಿದ್ದನ್ನೂ ಗಮನಿಸಿದ್ದರು. ತಮಾಷೆಯೆಂದರೆ, ಜಾಹೀರಾತಿನ ದುಡ್ಡಿನಲ್ಲಿ ಬದುಕುವ ಸರ್ಚ್ ಎಂಜಿನ್ನು ಜಾಹೀರಾತುದಾರರ ಕಡೆ ವಾಲುವುದು ಸಹಜ ಎಂದು ಗೂಗಲ್ ಕಟ್ಟಿದ ಬ್ರಿನ್ ಮತ್ತು ಪೇಜ್ ಅವರೇ 1998ರ ತಮ್ಮ ಪ್ರಬಂಧದಲ್ಲೇ ಬರೆದಿದ್ದರು. ಜಾಹೀರಾತುದಾರನೂ ಕತ್ತಲಲ್ಲಿ ಕೂತಾನು ಎಂದು ಅವರು ಬರೆದಿರಲಿಲ್ಲ.

ಕನ್ನಡದವರಿಗೆ ಇನ್ನೂ ಒಂದು ತೊಡಕಿದೆ. ಬೇಕಾದ ಪದಗಳಿಗೆ ಅಷ್ಟು ಉದಾರವಾದ ಯಂತ್ರ ಬೇಡದ ಪದಗಳ ವಿಷಯದಲ್ಲಿ ಬಲು ಕಟ್ಟುನಿಟ್ಟು. ಏಕವಚನ ಹಾಕಿದರೆ ಬಹುವಚನವನ್ನು ತಡೆಯುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ರೂಪ ಬರೆದರೆ ಮುಗಿಯಿತು. ನಮ್ಮಲ್ಲಿ ಮಷಿನ್, ಮಷಿನ್ನು, ಮಷಿನ್ನಿನ, ಮಷಿನ್ನಿಗೆ, ಮಷಿನ್‌ಗಳು. ಮೆಷಿನ್ ಎಂದು ಬರೆಯುವವರ ಸಂಸಾರ ಬೇರೆ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವವರದು ಮತ್ತೂ ಬೇರೆ. ಮೂವತ್ತು ವರ್ಷ ಹುಡುಗರಿಗೆ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸಿದ್ದೇನೆ. ಇದರಿಂದ ಏನು ಉಪಯೋಗ ಸಾರ್ ಎಂದು ಕೇಳಿದವರಿಗೆ ಬೈದಿದ್ದೇನೆ. ಎಣ್ಣೆ ಮಾರಲು ಉಪಯೋಗ ಎಂದು ಹೇಳುವಷ್ಟು ಆಗ ನನಗೂ ತಿಳಿದಿರಲಿಲ್ಲ.

ಕಳೆದ ಭಾನುವಾರ ಮತ್ತೆ ಫೋನು ಬಂತು. ವರದಿಯಲ್ಲಿ 'ಎತ್ತಿನ ಗಾಣದ ಎಣ್ಣೆ' ಎಂದು ಹುಡುಕಿದವರು ನಾಲ್ಕು ಜನ ಸಿಕ್ಕಿದ್ದರಂತೆ. ಅವರಲ್ಲಿ ಒಬ್ಬರು ಕೊಂಡೂ ಇದ್ದಾರೆ.

"ನಮ್ದು ಮೋಟಾರ್ ಗಾಣ ಅಲ್ವಾ ಭಾವ. ಎತ್ತು ಬ್ಯಾಡದ ಪಟ್ಟಿಗೆ ಹಾಕ್ಲಾ?"

ಹಾಕು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಕೊಂಡವರು ಒಬ್ಬರಿದ್ದಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಪೆನ್ನು ಹುಡುಕುವ ಸದ್ದು.

"ಹೇಳ್ರಿ ಮತ್ತೆ. ಎತ್ತು, ಎತ್ತಿನ... ಮುಂದೆ?"